ಓಣಿಗೆಲ್ಲ ಒಂದೇ ಇನ್‌ಬಾಕ್ಸ್

ಇವತ್ತು ಮಧ್ಯಾಹ್ನ ಬಟ್ಟೆಯ ಕಪಾಟು ಒಪ್ಪ ಮಾಡುವಾಗ ಹಳೆಯ ಸೀರೆಯ ಮಡಿಕೆಯಿಂದ ಒಂದು ಕಪ್ಪು ಫ್ಲಾಪಿ ಜಾರಿಬಿತ್ತು. ಮೇಲೆ ಅಂಟಿಸಿದ ಬಿಳಿ ಚೀಟಿಯಲ್ಲಿ ನನ್ನ ಹೆಸರು, ಕಾಕಾನ ಓರೆ ಅಕ್ಷರದಲ್ಲಿ. ಮಗಳು ಅದನ್ನು ತಿರುಗಿಸಿ ನೋಡಿ, "ಕಂಪ್ಯೂಟರಿನಾಗ ಸೇವ್ ಮಾಡೋ ಗುರ್ತಿನಂಗ ಅದಲ್ಲ ಅವ್ವಾ!" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಇಷ್ಟು ವರ್ಷವಾದರೂ ಆ ಸಿಟ್ಟು ಆರಿಲ್ಲ.

ಕಾಕಾ ನಮಗೆ ರಕ್ತಸಂಬಂಧಿಯಲ್ಲ. ದೇವದುರ್ಗದ ನಮ್ಮ ಓಣಿಯ ಮೂಲೆಯಲ್ಲಿ ಎಸ್‌ಟಿಡಿ ಅಂಗಡಿ ಇಟ್ಟಿದ್ದ ಹಿರಿಯರು, ಎಲ್ಲರಿಗೂ ಕಾಕಾ. ಫೋನಿಲ್ಲದ ಮನೆಯವರು ಲಗ್ನಪತ್ರಿಕೆಯಲ್ಲೂ ಅವರ ನಂಬರನ್ನೇ ಹಾಕಿಸಿ, ಪಕ್ಕದಲ್ಲಿ, ಬೇರೆಯವರ ಫೋನು ಎಂಬ ಗುರುತಿಗೆ, 'ಪಿಪಿ' ಎಂದು ಅಚ್ಚು ಮಾಡಿಸುತ್ತಿದ್ದರು. ಕರೆ ಬಂದರೆ ಕಾಕಾ ಎದ್ದು ಹೋಗಿ ಆ ಮನೆಯವರನ್ನು ಕರೆತರುತ್ತಿದ್ದರು. ರಾಯಚೂರಿನಿಂದ ಹಳೆಯ ಕಂಪ್ಯೂಟರೊಂದನ್ನು ತಂದು ಇಂಟರ್ನೆಟ್ ಶುರು ಮಾಡಿದಾಗಲೂ ಅದೇ ಪದ್ಧತಿ ಮುಂದುವರಿಯಿತು. ಓಣಿಗೆಲ್ಲ ಒಂದೇ ಇ-ಮೇಲ್ ವಿಳಾಸ. ಯಾರದೇ ಮೇಲ್ ಬರಲಿ, ಕಾಕಾ ಪ್ರಿಂಟ್ ತೆಗೆದು ಮನೆಗೆ ಮುಟ್ಟಿಸುತ್ತಿದ್ದರು. ಆಮೇಲೆ, ಡಬ್ಬಿ ತುಂಬುತ್ತದೆಂದು ಅಳಿಸಿಬಿಡುತ್ತಿದ್ದರು.

ಆ ಅಂಗಡಿಯೊಳಗೆ ಚಪ್ಪಲಿ ಬಿಟ್ಟೇ ಹೋಗಬೇಕಿತ್ತು. ಮಾನಿಟರಿನ ನೆತ್ತಿಗೆ ವಿಭೂತಿ, ಕೀಬೋರ್ಡಿನ ಮೇಲೆ ಮಡಿಚಿದ ಟವೆಲ್. ಎರಡಕ್ಕೂ ಒಂದೇ ಲೈನು; ಇಂಟರ್ನೆಟ್ ಹಚ್ಚಿದರೆ ಫೋನು ಬಂದ್, ಹೊರಗೆ ಕಾಯುವವರ ಬೈಗುಳ ಶುರು. ಪದವಿ ಮುಗಿಸಿ ಮನೆಯಲ್ಲಿದ್ದ ನನಗೆ ಕನ್ನಡ ಟೈಪಿಂಗ್ ಕಲಿಸಿದವರು ಕಾಕಾನೇ. "ಡೌನ್‌ಲೋಡ್ ಅಂದ್ರ ಲಾರಿಯಿಂದ ಚೀಲ ಇಳಿಸಿದಂಗವ್ವಾ. ಸರ್ವರ್ ಡೌನ್ ಅಂದ್ರ ಹಮಾಲ ಮಲಗ್ಯಾನಂತ ತಿಳಕೋ" ಎನ್ನುತ್ತಿದ್ದರು. ಪಾಸ್‌ವರ್ಡ್ ಕೇಳಿದರೆ ಮಾತ್ರ, "ಅದು ನನ್ನ ಹಂತ್ಯಾಕ ಇರ್ಲಿ ಬಿಡು, ನಿನಗ್ಯಾಕ ಆ ತಲಿಬ್ಯಾನಿ?" ಆಗ ಅದು ಅಕ್ಕರೆ ಎನಿಸಿತ್ತು...

ಹುಬ್ಬಳ್ಳಿಯಲ್ಲಿ ಒಂದು ಕನ್ನಡ ವೆಬ್‌ಸೈಟ್ ಶುರುವಾಗುತ್ತಿತ್ತು. ಸುದ್ದಿ ಟೈಪ್ ಮಾಡಿ ಏರಿಸುವವರು ಬೇಕಾಗಿದ್ದರು. ಕಾಕಾ ತಾವೇ ಮುಂದೆ ನಿಂತು ನನ್ನ ಅರ್ಜಿ ಕಳಿಸಿದರು, ಅದರ ಪ್ರತಿಯನ್ನು ಈ ಫ್ಲಾಪಿಗೆ ಹಾಕಿಕೊಟ್ಟರು. ಆ ಕೆಲಸ ನನಗೆ ಎಷ್ಟು ಬೇಕಾಗಿತ್ತೆಂದರೆ, ಉತ್ತರ ಬಂತೇ ಎಂದು ದಿನವೂ ಅಂಗಡಿಗೆ ಹೋಗಿ ಕೇಳುತ್ತಿದ್ದೆ. ಅಷ್ಟರಲ್ಲಿ ಮಾನ್ವಿಯ ಕಡೆಯವರು ಬಂದು ನನ್ನನ್ನು ನೋಡಿ ಹೋದರು. "ಲಗ್ನದ ಹುಡುಗಿ ಅಂಗಡಿಗಿ ಹೋಗಿ ಕುಂದ್ರೋದು ಚಂದಲ್ಲ" ಎಂದ ಅಣ್ಣ. ಅಪ್ಪ ಇಲ್ಲದ ಮನೆಯಲ್ಲಿ ಅವನದೇ ಮಾತು. ಕಾಕಾ ಕಾಗದ ಹಿಡಿದು ಬರುತ್ತಾರೆಂದು ನಾನು ಬಾಗಿಲು ಕಾದೆ. ಬರಲಿಲ್ಲ. ನನಗೇ ಯೋಗ್ಯತೆ ಇಲ್ಲವೆಂದುಕೊಂಡು, ಲಗ್ನಕ್ಕೆ ಒಪ್ಪಿ ತಲೆಯ ಮೇಲೆ ಅಕ್ಕಿಕಾಳು ಹಾಕಿಸಿಕೊಂಡೆ.

ಲಗ್ನವಾದ ಮೇಲಿನ ಮೊದಲ ನಾಗರ ಪಂಚಮಿಗೆ ತವರಿಗೆ ಬಂದಾಗ ಅಂಗಡಿಗೆ ಹೋದೆ. "ಹುಬ್ಬಳ್ಳಿಯವರು ಏನೂ ಬರೀಲೇ ಇಲ್ಲಲ್ರಿ ಕಾಕಾ?" ಎಂದು ಕೇಳಿದೆ.

ಅವರು ಬೆರಗಾಗಿ ನೋಡಿದರು. "ಯಾಕ ಬರೀಲಿಲ್ಲವ್ವಾ? ಬರ್ರಿ ಅಂತ ಕರದಿದ್ರಲ್ಲ! ಅವತ್ತೇ ಪ್ರಿಂಟ್ ತಗದು ನಿಮ್ಮಣ್ಣನ ಕೈಯಾಗ ಕೊಟ್ಟೀನಿ. ಲಗ್ನ ಗಟ್ಟಿಯಾಗ್ಯದ, ಅದಕ್ಕ ಹೋಗಲಿಲ್ಲಂತ ತಿಳಕೊಂಡೆ."

"ಅದು ನನ್ನ ಹೆಸರಿಗಿ ಬಂದಿತ್ರಿ ಕಾಕಾ."

"ನಿನಗ ಬಂದ್ರೇನು, ಮನಿಗಿ ಬಂದ್ರೇನು? ಮನ್ಯಾಗಿನ ಹಿರೇರಿಗಿ ಕೊಡೋದಲ್ಲೇನವ್ವಾ ಪದ್ಧತಿ?"

ಅವರ ಮುಖದಲ್ಲಿ ಕಪಟವಿರಲಿಲ್ಲ. ಅದೇ ನನ್ನನ್ನು ಹೆಚ್ಚು ಸುಟ್ಟದ್ದು. ಕೆಟ್ಟವರಾಗಿದ್ದರೆ ಬಾಯಿತುಂಬ ಬೈದು ಹಗುರಾಗುತ್ತಿದ್ದೆ. ನನಗೆ ಅರ್ಜಿ ಬರೆಯಲು ಕಲಿಸಿದವರಿಗೆ, ಅದರ ಉತ್ತರವೂ ನನ್ನದೇ ಎಂಬುದು ಹೊಳೆಯಲೇ ಇಲ್ಲ. ಮನೆಗೆ ಬಂದು ಅಣ್ಣನನ್ನು ಕೇಳಿದರೆ, "ಅಂಗಿ ಕಿಸೇದಾಗ ಇಟ್ಟಿದ್ದೆ, ಒಗ್ಯಾಕ ಹೋಗಿರಬೇಕು ಬಿಡಬೇ" ಎಂದು ರೊಟ್ಟಿ ಮುರಿದ.

ಮುಂದೆ ಕಾಕಾ ಎದುರಾದಾಗಲೆಲ್ಲ, "ಆರಾಮ್ ಅದಿಯೇನವ್ವಾ?" ಎನ್ನುತ್ತಿದ್ದರು. "ಹೂಂರಿ" ಎಂದಷ್ಟೇ ಹೇಳಿ ಮುಂದೆ ನಡೆಯುತ್ತಿದ್ದೆ. ಹೋದ ವರ್ಷ ತೀರಿಕೊಂಡರು. ಓಣಿಯ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ನೇರ ನನ್ನ ಫೋನಿಗೇ ಬಂತು, ಯಾರ ಕೈಯನ್ನೂ ಹಾಯದೆ. ಎಲ್ಲರೂ ಕೈಮುಗಿದ ಚಿತ್ರ ಹಾಕುತ್ತಿದ್ದರು. ನನಗೆ ಬೆರಳು ಏಳಲಿಲ್ಲ... ಮಣ್ಣಿಗೂ ಹೋಗಲಿಲ್ಲ. ಅಕ್ಷರ ಕೊಟ್ಟವರಿಗೆ ಒಂದು ಹಿಡಿ ಮಣ್ಣು ಹಾಕದಷ್ಟು ಕಹಿ ನನ್ನೊಳಗೆ ಉಳಿದಿತ್ತು.

ಈ ಫ್ಲಾಪಿ ಓದುವ ಯಂತ್ರ ಈಗ ಮಾನ್ವಿಯಲ್ಲಿ ಎಲ್ಲಿ ಸಿಗಬೇಕು? ಅದರೊಳಗಿನ ಹುಡುಗಿ ಏನು ಬರೆದಿದ್ದಳೋ, ನನಗೇ ಮರೆತಿದೆ.

ಸಂಜೆ ಮಗಳು ರಾಯಚೂರಿನ ಕಾಲೇಜಿಗೆ ಅರ್ಜಿ ತುಂಬುತ್ತಿದ್ದಳು. "ಅವ್ವಾ, ಮೇಲ್ ಐಡಿ ಅಪ್ಪಂದೇ ಹಾಕು ಅಂದಾನ ಅಪ್ಪ. ಹಾಕ್ಲೇನು?"

"ಬ್ಯಾಡ. ನಿನ್ನ ಹೆಸರಿಲೇ ಹೊಸಾದು ಮಾಡು."

ನನ್ನ ದನಿಗೆ ಅವಳು ತಲೆ ಎತ್ತಿ ನೋಡಿದಳು. ಹೊಸ ವಿಳಾಸ ಮಾಡಿಕೊಂಡು, "ಪಾಸ್‌ವರ್ಡ್ ಏನಿಡ್ಲಿ?" ಎಂದು ಕೇಳಿದಳು.

"ನನಗೂ ಹೇಳಬ್ಯಾಡ" ಎಂದು ಮುಖ ಆಚೆ ತಿರುಗಿಸಿ ಕುಳಿತೆ.