ಗಡಿಯಾಚೆಯಿಂದ ಬಂದ ತಂಗಿಗಾಗಿ ನಮ್ಮವರು ಚುನಾವಣೆಗೆ ನಿಂತದ್ದು

ನನ್ನ ತವರು ಪಲಮನೇರಿಗೆ ಇನ್ನೂ ಈಚೆ ಸಿಗುವ ಒಂದು ಹಳ್ಳಿ. ಗಂಡನ ಊರಾದ ಮುಳಬಾಗಿಲಿನಿಂದ ನಸುಕಿನಲ್ಲಿ ಗಾಡಿ ಕಟ್ಟಿದರೆ ದೀಪ ಹಚ್ಚುವ ಹೊತ್ತಿಗೆ ಅಲ್ಲಿರಬಹುದಿತ್ತು. ನಡುವೆ ನಂಗಲಿ ದಾಟಿದ ಮೇಲೆ ಗಡಿ. ಈಚೆಗೆ ಮೈಸೂರು ಸಂಸ್ಥಾನ, ಆಚೆಗೆ ಮದ್ರಾಸ್ ಸೀಮೆ. ಮದುವೆಯಾಗಿ ಬರುವಾಗ ಗಾಡಿಯೊಳಗೆ ನಿದ್ದೆ ಮಾಡುತ್ತಿದ್ದ ನನಗೆ ಗಡಿ ದಾಟಿದ್ದೇ ತಿಳಿಯಲಿಲ್ಲ. ಎದ್ದಾಗ ಮುಳಬಾಗಿಲ ಗುಡ್ಡ ಕಾಣುತ್ತಿತ್ತು, ಅಷ್ಟೆ.

ನಮ್ಮವರಿಗೆ ಪೇಟೆಬೀದಿಯಲ್ಲಿ ಬಟ್ಟೆ ಅಂಗಡಿ, ಬೈರಕೂರಿನ ಹತ್ತಿರ ಒಂದಿಷ್ಟು ಮಾವಿನ ತೋಪು. ಆ ತೋಪನ್ನು ನಮ್ಮತ್ತೆ ಸಾಯುವ ಮುಂಚೆ ನನ್ನ ಹೆಸರಿಗೆ ಬರೆದಿದ್ದರು. ನಮ್ಮವರು ಮಾತು ಕಡಿಮೆಯ ಮನುಷ್ಯ. ಅಂಗಡಿಗೆ ಬಂದವರ ಮುಂದೆ ಸೀರೆ ಬಿಚ್ಚಿ ಹಾಸಿ, ಅದನ್ನು ಹೊಗಳದೆ ಸುಮ್ಮನೆ ಕೂತುಬಿಡುತ್ತಿದ್ದರು. ಬಂದವರೇ ಹೊಗಳಿಕೊಂಡು ಕೊಂಡುಹೋಗಬೇಕು. ಇಂಥವರು ಚುನಾವಣೆಗೆ ನಿಲ್ಲುತ್ತಾರೆ ಎಂದು ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ.

ಅದಕ್ಕೆ ಕಾರಣ ನನ್ನ ತಂಗಿ. ಮದುವೆಯಾಗಿ ಸ್ವಲ್ಪ ಕಾಲಕ್ಕೇ ಜ್ವರದಲ್ಲಿ ಅವಳ ಗಂಡ ಹೋದ. ಮಕ್ಕಳಿರಲಿಲ್ಲ. ನಮ್ಮಪ್ಪ ಧೈರ್ಯ ಮಾಡಿ ಅವಳನ್ನು ಚಿತ್ತೂರಿನಲ್ಲಿ ಟೀಚರ್ ಟ್ರೈನಿಂಗಿಗೆ ಸೇರಿಸಿದರು. ಅವಳು ಅದನ್ನು ಮುಗಿಸಿ ಬರುವಷ್ಟರಲ್ಲಿ ಅಪ್ಪನೂ ಹೋದರು. ತವರಿನಲ್ಲಿ ಇನ್ನು ಯಾರೂ ಇರಲಿಲ್ಲ. ನಮ್ಮವರು ತಾವೇ ಹೋಗಿ ಕರೆದುಕೊಂಡು ಬಂದರು. ಬಾಗಿಲಲ್ಲಿ ನನ್ನನ್ನು ಕಂಡು, "ಅವಳಿಗೆ ಆ ಮಹಡಿ ಕೋಣೆ ಇರ್ಲಿ. ಗಾಳಿ ಚೆನ್ನಾಗ್ ಬರ್ತದೆ" ಎಂದರು. ಅದಕ್ಕಿಂತ ಹೆಚ್ಚು ಮಾತು ಆ ವಿಷಯದಲ್ಲಿ ನಮ್ಮ ಮನೆಯಲ್ಲಿ ಆಗಲೇ ಇಲ್ಲ.

ಅವಳು ಬಂದ ಮಳೆಗಾಲ ಮುಗಿಯುವುದರೊಳಗೆ ಕನ್ನಡ ಓದು ಬರಹ ಕಲಿತಳು. ತೆಲುಗು ಬಲ್ಲವರಿಗೆ ಕನ್ನಡದ ಅಕ್ಷರ ಕಷ್ಟವಲ್ಲ ಎನ್ನುತ್ತಾರೆ. ನಾನು ಬಂದು ವರ್ಷಗಳಾದರೂ ಕಲಿತಿರಲಿಲ್ಲ. ಮಧ್ಯಾಹ್ನ ಅಕ್ಕಿ ಆರಿಸುವಾಗ ಅವಳು ಮೊರದ ಮೇಲೆ ಬೆರಳಿನಲ್ಲಿ ಅಕ್ಷರ ಬರೆದು, "ಇದೇನು ಹೇಳು ಅಕ್ಕಯ್ಯಾ" ಎಂದು ನನ್ನ ಪ್ರಾಣ ತೆಗೆಯುತ್ತಿದ್ದಳು. ಬೀದಿಯ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಅವಳ ಹತ್ತಿರ ಕಲಿಯಲು ಜಗಲಿಗೆ ಬಂದು ಕೂರತೊಡಗಿದರು.

ಹೀಗಿರುವಾಗ ಊರ ಹೆಣ್ಣುಮಕ್ಕಳ ಶಾಲೆಯಲ್ಲಿ ಒಂದು ಜಾಗ ಖಾಲಿಯಾಯಿತು. ಅಲ್ಲಿನ ಮೇಷ್ಟರೇ ಮನೆಗೆ ಬಂದು ಅರ್ಜಿ ಹಾಕಲು ಹೇಳಿದರು. ತಂಗಿ ಅಂದು ರಾತ್ರಿಯೇ ಸೀರೆಗೆ ಗಂಜಿ ಹಾಕಿ ಇಟ್ಟಳು. ಕೆಲವು ವಾರಗಳ ಮೇಲೆ ಕೋಲಾರದಿಂದ ಕರೆ ಬಂತು. ನಮ್ಮವರ ಜೊತೆ ಹೋಗಿ ಬಂದಳು. ಅಲ್ಲಿನ ಅಧಿಕಾರಿ ಒಳ್ಳೆಯವರಂತೆ, ಕೂರಿಸಿ ಮಾತಾಡಿಸಿದರಂತೆ. ಆದರೆ ಕೆಲಸ ಸಂಸ್ಥಾನದವರಿಗೆ ಮಾತ್ರ, ಇವಳು ಪರಸ್ಥಳದವಳು, ಏನೂ ಮಾಡುವ ಹಾಗಿಲ್ಲ ಎಂದರಂತೆ. ನಮ್ಮವರು, "ಇವಳ ಅಕ್ಕ ಸಂಸ್ಥಾನದವಳು ಅಂತೀರಲ್ಲ ಸ್ವಾಮಿ, ಇಬ್ರೂ ಒಂದೇ ಮನೇಲಿ ಹುಟ್ಟಿದ್ದು" ಎಂದು ಕೇಳಿದ್ದಕ್ಕೆ, "ಅವರು ನಿಮ್ಮನ್ನ ಮದ್ವೆಯಾದ್ರು. ಇವರು ಯಾರನ್ನ ಆಗಿದಾರೆ?" ಎಂದರಂತೆ. ಕೆಟ್ಟ ಮನಸ್ಸಿನಿಂದ ಅಂದ ಮಾತಲ್ಲ. ನಿಯಮ ಹಾಗಿತ್ತು.

ತಂಗಿ ಅಳಲಿಲ್ಲ. ಮಹಡಿಗೆ ಹೋಗಿ ಸೀರೆ ಬದಲಿಸಿ ಬಂದು ಸೊಪ್ಪು ಸೋಸಲು ಕೂತಳು. ನಮ್ಮವರು ಮಾತ್ರ ಅವತ್ತು ಸರಿಯಾಗಿ ಊಟ ಮಾಡಲಿಲ್ಲ. ಕೈ ತೊಳೆಯುವಾಗ ನನ್ನ ಹತ್ತಿರ ಮೆಲ್ಲಗೆ, "ಮದ್ವೆಯಾಗಿ ಬಂದೋಳು ಈ ಊರೋಳು, ಗಂಡ ಸತ್ತು ಬಂದೋಳು ಹೊರಗಿನೋಳು. ಇದ್ಯಾವ ನ್ಯಾಯ ಹೇಳು" ಎಂದರು.

ಎರಡನೇ ಮಹಾಯುದ್ಧ ಶುರುವಾಗಿದ್ದ ಕಾಲ. ಸಂಸ್ಥಾನದ ಪ್ರತಿನಿಧಿ ಸಭೆಗೆ ಚುನಾವಣೆ ಬಂತು. ಒಂದು ಪಕ್ಷದ ಕೆಲವರು ಅಂಗಡಿಗೆ ಬಂದು ನಮ್ಮವರ ಬೆಂಬಲ ಕೇಳಿದರು. ಇವರು ಅವರಿಗೆ ಮಜ್ಜಿಗೆ ಕೊಟ್ಟು, ಪರಸ್ಥಳದವರ ವಿಷಯ ನೀವು ಎತ್ತುತ್ತೀರಾ ಎಂದು ಕೇಳಿದರು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದನ್ನು ಎತ್ತಿದರೆ ಇಲ್ಲಿನ ಓದಿದ ಹುಡುಗರು ಕೈಬಿಡುತ್ತಾರೆ ಎಂದರು. "ಹಾಗಾದ್ರೆ ನಾನೇ ನಿಂತ್ಕೋತೀನಿ. ನಿಮ್ ಮೇಲೆ ಕೋಪ ಏನಿಲ್ಲ" ಎಂದು ಇವರು ಅಂದದ್ದನ್ನು ನಮ್ಮ ಅಂಗಡಿಯ ಗುಮಾಸ್ತೆ ಓಡಿಬಂದು ನನಗೆ ಹೇಳಿದರು. ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

ಭಾಷಣ ಎಂದರೆ ಅವರಿಗೆ ಜ್ವರ. ಬಟ್ಟೆ ಅಳೆಯುತ್ತ ಬಾಯಲ್ಲೇ ಹೇಳಿಕೊಂಡು ಅಭ್ಯಾಸ ಮಾಡುತ್ತಿದ್ದರು. ಅಳತೆ ತಪ್ಪಿ ಒಬ್ಬರಿಗೆ ಒಂದೂವರೆ ರವಿಕೆಯ ಬಟ್ಟೆ ಹೆಚ್ಚಾಗಿ ಹೋಯಿತು. ತಂಗಿ ಅವರನ್ನು ಹಿತ್ತಲಿನಲ್ಲಿ ನಿಲ್ಲಿಸಿ, ಬಾವಿಕಟ್ಟೆಯ ಮೇಲೆ ಕೂತು ಕೇಳುತ್ತಿದ್ದಳು. "ಭಾವಾ, ಕೊನೇ ಮಾತು ನುಂಗ್ತೀರಿ. ಹಿಂದೆ ಕೂತೋರಿಗೆ ಕೇಳಲ್ಲ" ಎಂದು ತಿದ್ದುತ್ತಿದ್ದಳು. ಆದರೆ ಯಾವ ವಿಷಯಕ್ಕಾಗಿ ನಿಂತಿದ್ದರೋ ಅದೊಂದನ್ನು ಅವಳ ಮುಂದೆ ಅಭ್ಯಾಸ ಮಾಡಲಿಲ್ಲ. ಕೆರೆ ದುರಸ್ತಿ, ರಸ್ತೆ, ಸೀಮೆಎಣ್ಣೆ, ಇಷ್ಟೇ ಹೇಳುತ್ತಿದ್ದರು.

ಬೈರಕೂರಿನಲ್ಲಿ ಸಭೆ ಇದ್ದ ದಿನ ತೋಪು ನೋಡುವ ನೆಪದಲ್ಲಿ ನಾನೂ ತಂಗಿಯೂ ಗಾಡಿಯಲ್ಲಿ ಹೋಗಿದ್ದೆವು. ಸಂಜೆ ಹೊಂಗೆಮರದ ಕೆಳಗೆ ಜನ ಸೇರಿದ್ದರು. ಗಾಡಿಯನ್ನು ಸ್ವಲ್ಪ ದೂರದಲ್ಲಿ ನಿಲ್ಲಿಸಿಕೊಂಡು ಒಳಗಿನಿಂದಲೇ ಕೇಳಿದೆವು. ನಮ್ಮವರು ಕೆರೆಯ ಮಾತಿನಿಂದ ಶುರು ಮಾಡಿದರು. ನಡುವೆ ಮಾತು ಮರೆತುಹೋಯಿತು. ಯಾರೋ ಕೆಮ್ಮಿದರು. ಆಮೇಲೆ ಅಂಗಡಿಯಲ್ಲಿ ಕೂತು ಮಾತಾಡುವ ದನಿಯಲ್ಲೇ ಹೇಳತೊಡಗಿದರು.

"ನನ್ನ ಹೆಂಡ್ತಿ ಆಚೆ ಸೀಮೆಯೋರು. ಇದು ನಿಮಗೆಲ್ಲ ಗೊತ್ತಿರೋದೇ. ಬಂದ ಹೊಸದ್ರಲ್ಲಿ ಸಾಯಂಕಾಲ ಹಿತ್ತಲ ಗೋಡೆ ಹತ್ರ ಹೋಗಿ ಮೂಡಲ ಕಡೆ ನೋಡ್ತಾ ನಿಂತಿರ್ತಿದ್ರು. ಅಲ್ಲಿಂದ ಏನೂ ಕಾಣಲ್ಲ, ಬರೀ ಹೊಲ. ನಾನು ನೋಡಿಯೂ ನೋಡದೋನ ಹಾಗೆ ಇದ್ದೆ. ಏನ್ ಹೇಳ್ಬೇಕೋ ಗೊತ್ತಾಗ್ತಿರ್ಲಿಲ್ಲ. ಒಂದಿನ ಸಾಯಂಕಾಲ ಅವರು ಗೋಡೆ ಹತ್ರ ಹೋಗ್ಲಿಲ್ಲ. ಪಕ್ಕದ ಮನೆಯೋರ ಜೊತೆ ಹಪ್ಪಳ ಒತ್ತುತಾ ನಗ್ತಾ ಇದ್ರು. ಅವತ್ತಿಂದ ಅವರು ಈ ಊರೋರು ಅಂತ ನನಗೆ ಅನ್ನಿಸ್ತು. ತಾಳಿ ಕಟ್ಟಿದ ದಿನದಿಂದ ಅಲ್ಲ. ಅದಕ್ಕೆ ಯಾವ ಅಮಲ್ದಾರರೂ ಮೊಹರು ಒತ್ತಿ ಕೊಡ್ಲಿಲ್ಲ."

ಗೋಡೆಯ ಹತ್ತಿರ ನಾನು ನಿಲ್ಲುತ್ತಿದ್ದದ್ದು ಯಾರಿಗೂ ಗೊತ್ತಿಲ್ಲ ಎಂದೇ ತಿಳಿದಿದ್ದೆ. ಹೆಂಡತಿಯ ಮಾತನ್ನು ನಾಲ್ಕು ಜನರ ಮುಂದೆ ಆಡುವ ಕಾಲವೂ ಅದಲ್ಲ. ತಂಗಿ ನನ್ನ ಕೈ ಹಿಡಿದುಕೊಂಡಳು.

ಅವರು ಮುಂದುವರಿಸಿದರು. "ಅವರ ತಂಗಿಯೂ ಅದೇ ರಸ್ತೇಲಿ ಬಂದ್ರು. ಇದೇ ನೀರು ಕುಡೀತಾರೆ, ಇದೇ ರಾಗಿ ತಿಂತಾರೆ, ನಿಮ್ಮ ಮಕ್ಕಳಿಗೆ ಪಾಠ ಹೇಳ್ತಾರೆ. ಅವರು ಯಾವತ್ತಿಗೆ ಈ ಊರೋರಾಗ್ತಾರೆ ಅಂತ ನಾನು ಸರ್ಕಾರಾನ ಕೇಳ್ಬೇಕು. ಇಷ್ಟು ವರ್ಷ ಇದ್ರೆ ಸಾಕು ಅಂತ ಒಂದು ಕಟ್ಟಳೆ ಮಾಡ್ಲಿ. ಗಂಡ ಇಲ್ದೋರನ್ನ, ಅಪ್ಪ ಅಮ್ಮ ಇಲ್ದೋರನ್ನ ಯಾವ ಮನೆ ಸಾಕ್ತಿದೆಯೋ ಆ ಮನೆಯೋರು ಅಂತ ಲೆಕ್ಕ ಇಟ್ಕೊಳ್ಲಿ. ಇಷ್ಟೇ ನಾನು ಕೇಳೋದು."

ಮುಂದಿನ ಸಾಲಿನಿಂದ ಒಬ್ಬ ಯುವಕ ಎದ್ದ. ಬೆಂಗಳೂರಿನಲ್ಲಿ ಬಿ.ಎ. ಮಾಡಿ ಬಂದು ಕೆಲಸವಿಲ್ಲದೆ ಇದ್ದವನು. ನಮ್ಮ ಅಂಗಡಿಗೂ ಬರುತ್ತಿದ್ದ. "ಮದ್ರಾಸಿನೋರು ಬಂದು ದೊಡ್ಡ ದೊಡ್ಡ ಕುರ್ಚಿ ಹಿಡ್ಕೊಂಡಿದ್ದಾರೆ. ನಮಗೇ ಇಲ್ದಿರೋವಾಗ ಇನ್ನೂ ಬಾಗಿಲು ತೆಗೀರಿ ಅಂತೀರಲ್ಲ" ಎಂದ.

"ನಿನ್ನ ಮಾತು ಸುಳ್ಳು ಅಂತ ನಾನು ಹೇಳಲ್ಲ ಕಣಪ್ಪಾ" ಎಂದರು ನಮ್ಮವರು. "ನಿನಗೆ ಕೆಲ್ಸ ಸಿಗ್ಬೇಕು. ಕುರ್ಚಿಗೋಸ್ಕರ ಬಂದೋರನ್ನೂ ಬದುಕೋಕೆ ಬಂದೋರನ್ನೂ ಒಂದೇ ಸಾಲಲ್ಲಿ ಕೂರಿಸ್ಬೇಡ ಅಂತೀನಿ. ಬಾಗಿಲು ಪೂರ್ತಿ ತೆಗೀರಿ ಅಂತಲ್ಲ. ಒಳಗೆ ಬಂದು ಕೂತಾಗಿರೋರನ್ನ ಒಳಗಿನೋರು ಅನ್ನಿ, ಅಷ್ಟೇ."

ಯುವಕ ಒಪ್ಪಲಿಲ್ಲ. ಆದರೆ ಕೂತ. ಜನ ಚಪ್ಪಾಳೆ ತಟ್ಟಲಿಲ್ಲ, ಗಲಾಟೆಯನ್ನೂ ಮಾಡಲಿಲ್ಲ. ವಾಪಸು ಬರುವಾಗ ನಮ್ಮವರು ಗಾಡಿಯ ಮುಂದೆ ಕೂತಿದ್ದರು. ನಾನು ಬೆನ್ನು ನೋಡುತ್ತಲೇ ಬಂದೆ. ಊರು ಹತ್ತಿರ ಬಂದಾಗ ತಿರುಗದೆಯೇ ಕೇಳಿದರು, "ನಿನಗೆ ಬೇಜಾರಾಯ್ತಾ?"

"ಇಲ್ಲ" ಎಂದೆ. ಆಮೇಲೆ, "ಆಗ ನೋಡಿದ್ಮೇಲೆ ಹತ್ರ ಬಂದು ನಿಲ್ಬೋದಾಗಿತ್ತು" ಎಂದೆ.

ತಂಗಿ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು.

ಆಗ ಆಸ್ತಿಯಿದ್ದವರಿಗೇ ಮತ. ತೋಪು ನನ್ನ ಹೆಸರಿನಲ್ಲಿದ್ದ ಕಾರಣ ನನಗೂ ಇತ್ತು. ಹೆಂಗಸರಿಗೆ ಬೇರೆ ಬಾಗಿಲು. ನಾವು ಬೆರಳೆಣಿಕೆಯಷ್ಟು ಜನ. ಓದಲು ಬಾರದವರು ತಮಗೆ ಬೇಕಾದವರ ಹೆಸರನ್ನು ಅಲ್ಲಿದ್ದ ಅಧಿಕಾರಿಗೆ ಬಾಯಲ್ಲಿ ಹೇಳಬೇಕಿತ್ತು. ನಾನು ಗಂಡನ ಹೆಸರನ್ನು ಹುಟ್ಟಿದ ಮೇಲೆ ಬಾಯಿಬಿಟ್ಟು ಹೇಳಿದವಳಲ್ಲ. ಚೀಟಿ ಕೈಗೆ ತೆಗೆದುಕೊಂಡು ಒಂದೊಂದೇ ಅಕ್ಷರ ಕೂಡಿಸಿದೆ. ಅಚ್ಚಾಗಿದ್ದ ಅವರ ಹೆಸರು ಮೂರನೆಯ ಸಾಲಿನಲ್ಲಿ ಸಿಕ್ಕಿತು. ಮನಸ್ಸಿನಲ್ಲೇ ಅದನ್ನು ಓದಿ, ಯಾರೋ ಕೇಳಿಸಿಕೊಂಡರೇನೋ ಎಂದು ಸುತ್ತ ನೋಡಿದೆ. ಎದುರಿಗೆ ಗುರುತು ಹಾಕಿ ಹೊರಗೆ ಬಂದಾಗ ಬಿಸಿಲಲ್ಲಿ ಕಾಯುತ್ತಿದ್ದ ತಂಗಿ, "ಓದಿದ್ಯಾ?" ಎಂದಳು. "ಓದಿದೆ ಕಣೇ" ಎಂದೆ. ಅವಳಿಗೆ ಆದ ಸಂತೋಷ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ನಮ್ಮವರು ಸೋತರು. ಗೆದ್ದವರು ಶ್ರೀನಿವಾಸಪುರದ ಕಡೆಯ ದೊಡ್ಡ ಜಮೀನ್ದಾರರು. ಅಂಗಡಿಗೆ ಬಂದಿದ್ದ ಪಕ್ಷದವರೂ ಅವರೆದುರು ಸೋತಿದ್ದರು. ಫಲಿತಾಂಶ ತಿಳಿದ ಸಂಜೆ ನಮ್ಮವರು ಅಂಗಡಿ ಬಾಗಿಲು ಹಾಕದೆ ಎಂದಿನ ಹಾಗೆ ಕೂತಿದ್ದರು. ಗಿರಾಕಿಗಳು ಏನು ಮಾತಾಡಬೇಕೋ ತಿಳಿಯದೆ ಸುಮ್ಮನೆ ಬಟ್ಟೆ ಕೊಂಡುಹೋದರು. ಅವತ್ತು ವ್ಯಾಪಾರ ಚೆನ್ನಾಗಿಯೇ ಆಯಿತೆಂದು ಗುಮಾಸ್ತೆ ಹೇಳಿದರು.

ಸ್ವಲ್ಪ ದಿನಗಳ ಮೇಲೆ ಆ ಜಮೀನ್ದಾರರು ಮನೆಗೆ ಬಂದರು. ಕಾಫಿ ಕುಡಿದು, ಲೋಟ ಕೆಳಗಿಟ್ಟು, "ನೀವು ಬೈರಕೂರಲ್ಲಿ ಆಡಿದ್ ಮಾತು ನನ್ನ ಕಿವೀಗೂ ಬಿತ್ತು. ನಮ್ಮಮ್ಮನೂ ಆಚೆ ಸೀಮೆಯೋರೇ, ಪುಂಗನೂರ ಕಡೆ" ಎಂದರು. ನಮ್ಮವರು ಕೇಳಬೇಕೆಂದಿದ್ದ ಪ್ರಶ್ನೆಯನ್ನು ತಾವು ಸಭೆಯಲ್ಲಿ ಕೇಳುವುದಾಗಿ ಹೇಳಿದರು. ಕೇಳಿದರೂ ಕೂಡ. ಪರಿಶೀಲಿಸಲಾಗುವುದು ಎಂಬ ಉತ್ತರ ಬಂತು. ಪರಿಶೀಲನೆ ಎಲ್ಲಿಗೆ ಮುಟ್ಟಿತೋ ನಮಗೆ ತಿಳಿಯಲಿಲ್ಲ. ಆದರೆ ಅವರು ಮಾಲೂರಿನಲ್ಲಿ ಹೆಂಚಿನ ಕಾರ್ಖಾನೆ ಇಟ್ಟಿದ್ದ ತಮ್ಮ ನೆಂಟರೊಬ್ಬರಿಗೆ ತಂಗಿಯ ವಿಷಯ ಹೇಳಿದ್ದರು. ಹೆಂಚು ಸುಡುವ ಗೂಡುಗಳಲ್ಲಿ ಕೆಲಸ ಮಾಡುವವರ ಮಕ್ಕಳಿಗೆ ಒಂದು ಶಾಲೆ ಬೇಕಾಗಿತ್ತು. ಖಾಸಗಿ ಶಾಲೆಗೆ ಸರ್ಕಾರದ ಆ ನಿಯಮ ಇರಲಿಲ್ಲ.

ಅವಳನ್ನು ಕಳಿಸಲು ನನಗೆ ಮನಸ್ಸಿರಲಿಲ್ಲ. ಒಂಟಿ ಹೆಂಗಸು, ಅರಿಯದ ಊರು. ತಂಗಿ ತಾನೇ ನಿರ್ಧಾರ ಮಾಡಿದಳು. "ಭಾವ ಅಷ್ಟು ಜನರ ಮುಂದೆ ನಿಂತ್ಕೊಂಡ್ರು. ನಾನು ಮಕ್ಕಳ ಮುಂದೆ ನಿಂತ್ಕೊಳ್ಳಕ್ಕೆ ಹೆದರಲಾ?" ಎಂದಳು. ನಾನು ಉಪ್ಪಿನಕಾಯಿ ಜಾಡಿ ಕಟ್ಟಿಕೊಟ್ಟೆ.

ಮುಂದಿನ ಬೇಸಿಗೆಯಲ್ಲಿ ನಾವಿಬ್ಬರೂ ಅವಳನ್ನು ನೋಡಲು ಹೊರಟೆವು. ಆಗ ಯುದ್ಧದ ದೆಸೆಯಿಂದ ಪೆಟ್ರೋಲ್ ಸಿಗದೆ ಬಸ್ಸುಗಳೆಲ್ಲ ಇದ್ದಿಲು ಸುಟ್ಟ ಹೊಗೆಯ ಬಲದಲ್ಲಿ ಓಡುತ್ತಿದ್ದವು. ಕೋಲಾರದಲ್ಲಿ ಇಳಿದಾಗ ನಮ್ಮವರ ಬಿಳಿಯ ರುಮಾಲು ಬೂದಿಬಣ್ಣಕ್ಕೆ ತಿರುಗಿತ್ತು. ಮಾಲೂರು ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ಗೂಡುಗಳ ಹತ್ತಿರ ಒಂದು ಉದ್ದದ ಹೆಂಚಿನ ಕೊಟ್ಟಿಗೆ, ಅದೇ ಶಾಲೆ. ತಮಿಳು, ತೆಲುಗು, ಕನ್ನಡ, ಉರ್ದು ಎಲ್ಲ ಮಾತಾಡುವ ಮಕ್ಕಳು. ಕೆಂಪು ಮಣ್ಣಿನ ಕಾಲುಗಳು. ತಂಗಿ ನಡುವೆ ನಿಂತು, ಕೊನೆಯ ಮಾತು ನುಂಗದೆ, ಹಿಂದೆ ಕೂತವರಿಗೂ ಕೇಳುವ ಹಾಗೆ ಮಗ್ಗಿ ಹೇಳಿಸುತ್ತಿದ್ದಳು. ನಮ್ಮವರು ಬಾಗಿಲ ಹೊರಗೇ ನಿಂತು ಪಾಠ ಮುಗಿಯುವವರೆಗೆ ಕೇಳಿದರು. ನಾನು ಕರೆದರೂ ಒಳಗೆ ಬರಲಿಲ್ಲ.

ಅವಳು ಬಾಡಿಗೆಗೆ ಹಿಡಿದಿದ್ದ ಕೋಣೆ ಚಿಕ್ಕದು. ಗೋಡೆಗೆ ಸುಣ್ಣ ತಾನೇ ಬಳಿದುಕೊಂಡಿದ್ದಳು. ನಮ್ಮನ್ನು ಕೂರಿಸಿ, ಎಲೆ ಹಾಕಿ, ಅವರೆಕಾಳಿನ ಸಾರು ಬಡಿಸಿದಳು. ಎದ್ದು ಬಡಿಸಲು ಹೋದ ನನ್ನನ್ನು ಭುಜ ಒತ್ತಿ ಕೂರಿಸಿದಳು. "ನಮ್ಮನೇಲಿ ನೀನು ಸುಮ್ನೆ ಕೂತ್ಕೋ ಅಕ್ಕಯ್ಯಾ" ಎಂದಳು.

ಬಿಸಿಲಿಗೆ ಬಂದ ದಣಿವೋ ಏನೋ, ನಮ್ಮವರು ಎರಡನೆಯ ಸಲ ಅನ್ನ ಹಾಕಿಸಿಕೊಂಡರು. ಸಾಯಂಕಾಲದ ಬಸ್ಸಿಗೆ ಹೊರಡಬೇಕೆಂದು ಬಂದಿದ್ದವರು, ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ, "ನಾಳೆ ಹೋದ್ರಾಯ್ತು" ಎಂದು ಚಾಪೆ ಬಿಡಿಸಿದರು.