ಏಳನೇ ಕುಳಿಯ ಬಟ್ಟೆಹಗ್ಗ

ಸ್ಕಾಟ್ಲೆಂಡಿನ ಪೂರ್ವ ಕಡಲಂಚಿನ ಕಿನ್‌ಹೇವನ್‌ನಲ್ಲಿ ಡಾಡ್ ವಿಶರ್ಟ್‌ನನ್ನು ಎಲ್ಲರೂ ಗಾಳಿಪಂಡಿತ ಎನ್ನುತ್ತಿದ್ದರು. ನಲವತ್ತೊಂದು ವರ್ಷದಿಂದ ಅವನದು ಗಾಲ್ಫ್ ಆಡುವವರ ಕೋಲುಗಳ ಚೀಲ ಹೊರುವ ಕೆಲಸ. ಚೀಲ ಹೊರುವವನಿಗೆ ಪಂಡಿತ ಪಟ್ಟ ಕಟ್ಟಲು ದೊಡ್ಡವರಿಗೆ ಕಷ್ಟವೇನಿಲ್ಲ. ಕೂರಲು ಒಂದು ಕುರ್ಚಿ ಕೊಡಬೇಕೆಂದರೆ ಮಾತ್ರ ಸಭೆ ಸೇರಿ ನಿರ್ಣಯ ಮಾಡಬೇಕಾಗುತ್ತದೆ.

ಹವೆಯ ವಿಷಯದಲ್ಲಿ ಡಾಡ್ ತಪ್ಪಿದ್ದು ಕಡಿಮೆ. ಚಳಿ ಬಿದ್ದರೆ ಚೆಂಡು ಹತ್ತು ಹೆಜ್ಜೆ ಹಿಂದೆಯೇ ಬೀಳುತ್ತದೆಂದು ಅವನಿಗೆ ಗೊತ್ತು. ಮಳೆಯಲ್ಲಿ ಕೋಲಿನ ಹಿಡಿ ಒರೆಸಲು ಟೋಪಿಯೊಳಗೆ ಒಣ ಚಿಂದಿ ಇಟ್ಟುಕೊಂಡಿರುತ್ತಿದ್ದ. ಎದುರುಗಾಳಿಗೆ ರೊಚ್ಚಿಗೆದ್ದು ಜೋರಾಗಿ ಬೀಸುವವರಿಗೆ, "ಮೆತ್ತಗೆ ಹೊಡೀರಿ ಸಾಹೇಬ್ರೇ, ಜೋರು ಹೊಡೆದಷ್ಟೂ ಅದು ಮೇಲಕ್ಕೇ ಹಾರತ್ತೆ, ಮೇಲಿರೋದು ಗಾಳಿ ಮನೆ," ಎನ್ನುತ್ತಿದ್ದ. ಉಳಿದಂತೆ ಅಲ್ಲಿನ ಚೀಲ ಹೊರುವವರ ಪದ್ಧತಿ ಒಂದೇ: ಕೋಲು ಕೊಡು, ಕಾರಣ ಕೊಡಬೇಡ.

ಅವನ ಹೆಸರು ಬೆಳೆದದ್ದು ಗಾಲ್ಫ್ ಮೈದಾನದ ಏಳನೇ ಕುಳಿಯಲ್ಲಿ. ಆಟಗಾರ ನಿಲ್ಲುವ ಜಾಗವೂ ಬಾವುಟ ನೆಟ್ಟ ಜಾಗವೂ ಮರಳುದಿಬ್ಬಗಳ ಮರೆಯಲ್ಲಿ. ಎರಡೂ ಕಡೆ ಗಾಳಿಯ ಸುಳಿವಿಲ್ಲ. ಆದರೆ ಚೆಂಡು ದಿಬ್ಬದ ಮೇಲೆ ಹಾರಿದೊಡನೆ ಕಡಲಗಾಳಿ ಅದರ ಕಿವಿ ಹಿಂಡಿ ನಡುವಿನ ತೊರೆಗೆ ಎಸೆಯುತ್ತದೆ. ಡಾಡ್ ಮಾತ್ರ ಕಣ್ಣು ಕಿರಿದು ಮಾಡಿ, ಎಡಕ್ಕೊಮ್ಮೆ ನೋಡಿ, ಸರಿಯಾದ ಕೋಲು ಕೊಡುತ್ತಿದ್ದ.

ಎಡಕ್ಕೆ, ದಿಬ್ಬದ ನೆತ್ತಿಯ ಮೇಲೆ, ಬಟ್ಟೆ ಒಣಹಾಕುವ ಕಂಬಗಳಿದ್ದವು. ಅಂಗಳವಿಲ್ಲದ ಎಂಟು ಮನೆಗಳ ಬಟ್ಟೆ ಒಣಗುತ್ತಿದ್ದದ್ದು ಅಲ್ಲೇ. ಆ ಹುಲ್ಲುಗಾವಲು ಊರಿನದು, ಗಾಲ್ಫ್ ಕ್ಲಬ್ಬು ಗುತ್ತಿಗೆಗೆ ಹಿಡಿದದ್ದು, ಆದರೆ ಕಂಬ ಕ್ಲಬ್ಬಿಗಿಂತ ಹಳೆಯದು. ಡಾಡ್‌ನ ಪಾಂಡಿತ್ಯವೆಲ್ಲ ನೇತಾಡುತ್ತಿದ್ದದ್ದು ಅದೇ ಹಗ್ಗದಲ್ಲಿ. ಕರವಸ್ತ್ರ ಅಲುಗಿದರೆ ಒಂಬತ್ತನೇ ನಂಬರಿನ ಕೋಲು. ಅಂಗಿಯ ತೋಳು ಎದ್ದರೆ ಏಳು. ಅವನ ತಂಗಿ ಟೀನಿಯ ಒಳಲಂಗ ಗಾಳಿ ತುಂಬಿ ಬಸುರಿಯಂತಾದರೆ ಐದು, ಅದೂ ತಗ್ಗಾಗಿ. ನಂಬರ್ ಇಳಿದಷ್ಟೂ ಚೆಂಡು ದೂರ. ಈ ಗುಟ್ಟನ್ನು ಅವನು ಟೀನಿಗೂ ಹೇಳಿರಲಿಲ್ಲ.

೧೯೬೪ರ ಶರತ್ಕಾಲದಲ್ಲಿ ಕ್ಲಬ್ಬಿಗೆ ಹೊಸ ಕಾರ್ಯದರ್ಶಿ ಬಂದ. ರುಕ್ ಎಂದು ಹೆಸರು. ಬಂದವನೇ ಕ್ಲಬ್ಬಿನ ಮಾಡಿನ ಮೇಲೆ ತಿರುಗುವ ಬಟ್ಟಲುಗಳ ಗಾಳಿಯಂತ್ರ ಕೂರಿಸಿ, ಕೆಳಗೆ ಗಾಳಿಯ ಬಲ ಬರೆಯುವ ಹಲಗೆಯೊಂದನ್ನು ತೂಗುಹಾಕಿದ. ಬಟ್ಟೆಕಂಬಗಳು ಅತಿಥಿಗಳ ಕಣ್ಣಿಗೆ ಅಸಹ್ಯ, ಕೀಳಬೇಕು ಎಂದ. ಬಟ್ಟೆ ಉಡುವುದು ಅಸಹ್ಯವಲ್ಲ, ಒಗೆಯುವುದು ಅಸಹ್ಯ. ಇಂಥ ನಾಗರಿಕತೆ ಎಲ್ಲ ಊರಲ್ಲೂ ಇದೆ. ಸದಸ್ಯರು ಮತ ಹಾಕುವ ಸಭೆ ಮುಂದಿನ ಶುಕ್ರವಾರ.

ಟೀನಿ ಅಣ್ಣನನ್ನು ಹಿಡಿದುಕೊಂಡಳು. "ನೀನು ಕ್ಯಾಪ್ಟನ್ ಮಂಕರ್ ಚೀಲ ಹೊರೋನು. ಅವರು ಕ್ಲಬ್ಬಿನ ಯಜಮಾನ್ರು. ಒಂದ್ಮಾತು ಹೇಳಣ್ಣ."

"ಏನಂತ ಹೇಳ್ಲಿ?"

"ಕಂಬ ಬೇಕು ಅಂತ. ಅಡುಗೆಮನೇಲಿ ಒಣಹಾಕಿದ್ರೆ ನಿನ್ನ ಚಡ್ಡಿ ಗುರುವಾರದವರೆಗೂ ಸೂಪಿಗೇ ತೊಟ್ಟಿಕ್ಕತ್ತೆ."

"ದೊಡ್ಡವರ ವಿಷ್ಯ ಕಣೇ. ನಮಗ್ಯಾಕೆ."

"ಗಾಳಿ ಹತ್ರ ಮಾತಾಡ್ತೀಯಂತೆ, ಮನುಷ್ಯರ ಹತ್ರ ಬಾಯಿ ಬರಲ್ವಾ ನಿಂಗೆ?"

ಡಾಡ್ ಪೈಪು ಕೆರೆಯುತ್ತ ಕೂತ. ಹೇಳಿದರೆ ಕಂಬ ಉಳಿಯುತ್ತದೆಂದು ಅವನಿಗೆ ಗೊತ್ತು. ಆದರೆ ಪಂಡಿತ ಹೋಗಿ, ತಂಗಿಯ ಒಳಲಂಗ ನೋಡುವವನಾಗಿ ಉಳಿಯಬೇಕು. ಬಡವನಿಗೆ ಒಂದೇ ಒಂದು ಗರಿ ಸಿಕ್ಕಿರುತ್ತದೆ. ಅದನ್ನು ಉಳಿಸಿಕೊಳ್ಳಲು ಅವನು ಎಂಟು ಮನೆ ಒದ್ದೆಯಾಗಿದ್ದರೂ ಸುಮ್ಮನಿರುತ್ತಾನೆ. ಡಾಡ್ ಪೈಪಿಗೆ ತಂಬಾಕು ತುಂಬಿದ.

ಸಭೆಗೆ ಮೊದಲಿನ ಶನಿವಾರ ಪದಕದ ಪಂದ್ಯ. ಇಪ್ಪತ್ತೆರಡು ವರ್ಷದಿಂದ ಪದಕ ಮುಟ್ಟದ ಮಂಕರ್ ಆರು ಕುಳಿ ಮುಗಿದಾಗ ಎಲ್ಲರಿಗಿಂತ ಮುಂದಿದ್ದರು. ಏಳಕ್ಕೆ ಬಂದು ಡಾಡ್ ಅಭ್ಯಾಸದಂತೆ ಎಡಕ್ಕೆ ನೋಡಿದ. ಬೋಳು ಕಂಬಗಳು. ಅತಿಥಿಗಳು ಬರುತ್ತಾರೆಂದು ರುಕ್ ಬೆಳಿಗ್ಗೆಯೇ ಹಗ್ಗ ಬಿಚ್ಚಿಸಿದ್ದ.

ಡಾಡ್ ಆಕಾಶ ನೋಡಿದ. ಹುಲ್ಲು ಕಿತ್ತು ತೂರಿದ, ಅದು ಅವನ ಬೂಟಿನ ಮೇಲೇ ಬಿತ್ತು. ಬೆರಳು ನೆಕ್ಕಿ ಎತ್ತಿ ಹಿಡಿದ, ಪೈಪಿನ ರುಚಿ ಬಿಟ್ಟು ಏನೂ ತಿಳಿಯಲಿಲ್ಲ. ಅರ್ಧ ಮೈಲಿ ಆಚೆ ಕ್ಲಬ್ಬಿನ ಹಲಗೆ ಬೆಳಿಗ್ಗೆ 'ಮಂದಮಾರುತ' ಎಂದಿದ್ದು ನೆನಪಾಯಿತು. ಒಂಬತ್ತನೇ ನಂಬರ್ ಕೊಟ್ಟ.

ಚೆಂಡು ಚೆಂದವಾಗಿ ಎದ್ದಿತು. ದಿಬ್ಬ ದಾಟಿದ್ದೇ ಮುಖಕ್ಕೆ ಬಾಗಿಲು ಬಡಿದಂತೆ ನಿಂತು, ತೊರೆಗೆ ಬಿತ್ತು. ಎರಡನೆಯದೂ ಅದರ ಹಿಂದೆಯೇ ಹೋಯಿತು. ಮೂರು ಹೊಡೆತದಲ್ಲಿ ಮುಗಿಯಬೇಕಾದ ಕುಳಿಗೆ ಮಂಕರ್ ಒಂಬತ್ತು ಹೊಡೆದರು.

"ಏನಯ್ಯಾ ಡಾಡ್, ಗಾಳಿ ಇವತ್ತು ನಿನ್ನ ಹತ್ರ ಟೂ ಬಿಟ್ಟಿದ್ಯಾ?"

ಡಾಡ್ ಚೀಲ ಕೆಳಗಿಟ್ಟ. "ಗಾಳಿ ಯಾವತ್ತೂ ನನ್ನ ಹತ್ರ ಮಾತಾಡಿಲ್ಲ ಸಾಹೇಬ್ರೇ. ಮಾತಾಡ್ತಿದ್ದದ್ದು ನಮ್ಮ ಟೀನಿಯ ಒಳಲಂಗ. ಇವತ್ತು ಅದನ್ನ ನಿಮ್ಮ ಕಾರ್ಯದರ್ಶಿ ಇಳಿಸಿದಾರೆ."

ಮಂಕರ್ ಬೋಳು ಕಂಬ ನೋಡಿದರು, ತೊರೆ ನೋಡಿದರು. "ಅಂದ್ರೆ ಇಷ್ಟು ವರ್ಷ ನಾನು ಹೆಂಗಸರ ಒಳಲಂಗ ನೋಡ್ಕೊಂಡು ಆಡಿದೀನಾ?"

"ನೋಡಿದ್ದು ನಾನು. ಆಡಿದ್ದು ತಾವು."

"ನನ್ನ ಹೆಂಡ್ತಿಗೆ ಹೇಳ್ಬೇಡ."

"ಇಲ್ಲ. ಆದ್ರೆ ಶುಕ್ರವಾರ ಸಭೇಲಿ ತಾವು ಹೇಳ್ಬೇಕು ಸಾಹೇಬ್ರೇ. ಎಂಟು ಮನೆಗೆ ಬೇರೆ ಹಗ್ಗ ಇಲ್ಲ."

ಸಭೆಗೆ ಚೀಲ ಹೊರುವವರಿಗೆ ಪ್ರವೇಶವಿಲ್ಲ. ಡಾಡ್ ಮಳೆಯಲ್ಲಿ ಜಗಲಿಯಂಚಿಗೆ ನಿಂತು ಕೇಳಿಸಿಕೊಂಡ. ಒಳಗೆ ಮಂಕರ್ ಗುಟ್ಟು ಬಿಚ್ಚಿದಾಗ ಗಹಗಹ ನಗು. ಆಮೇಲೆ ಒಬ್ಬೊಬ್ಬರೇ ತಾವು ಶನಿವಾರ ತೊರೆಗೆ ಕಳೆದ ಚೆಂಡುಗಳ ಲೆಕ್ಕ ನೆನೆದು ಗಂಭೀರರಾದರು. ಮೂವತ್ತೊಂದು ಮತ ಕಂಬಗಳ ಪರ, ನಾಲ್ಕು ವಿರುದ್ಧ.

"ಉಳೀತು ಕಣೇ," ಎಂದ ಮನೆಗೆ ಬಂದು, ನೀರು ತೊಟ್ಟಿಕ್ಕಿಸುತ್ತ.

"ಮಕ್ಕಳ ಬಟ್ಟೆ ಒಣಗ್ಬೇಕು ಅಂತ ಯಾರಾದ್ರೂ ಅಂದ್ರಾ?"

"ಇಲ್ಲ. ಆಟಕ್ಕೆ ಅವಶ್ಯಕ ಅಂತ ಬರೆದ್ಕೊಂಡ್ರು."

ಟೀನಿ ಅವನ ಒದ್ದೆ ಕೋಟು ಕಸಿದುಕೊಂಡಳು. ಎಂಟು ಮನೆಯ ಚಳಿ ಮೂವತ್ತೈದು ಜನರ ಕಿವಿಗೆ ತಲುಪಲು ಒಬ್ಬ ಸಾಹೇಬನ ಚೆಂಡು ನೀರಿಗೆ ಬೀಳಬೇಕಾಯಿತು. ಇದನ್ನು ನ್ಯಾಯ ಎನ್ನುವವರು ಎನ್ನಲಿ.

ಮರುವಾರ ಕ್ಲಬ್ಬಿನಿಂದ ಕಾಗದ ಬಂತು: ಪಂದ್ಯದ ದಿನ ಒಂದು ಅಂಗಿ, ಒಂದು ಕರವಸ್ತ್ರ, ಒಂದು ಒಳಉಡುಪು ಕಡ್ಡಾಯವಾಗಿ ಹಗ್ಗದಲ್ಲಿರುವಂತೆ ನೋಡಿಕೊಳ್ಳಬೇಕಾಗಿ ವಿನಂತಿ. ಟೀನಿ ಆ ಕಾಗದದ ಹಿಂಬದಿಯಲ್ಲೇ ಉತ್ತರ ಬರೆದಳು: ಆಡುವವರು ತಮ್ಮದು ತಾವೇ ತರಲಿ. ಒಗೆದು ತರಲಿ.

ಮುಂದಿನ ಪಂದ್ಯದ ಬೆಳಿಗ್ಗೆ ಕ್ಯಾಪ್ಟನ್ ಮಂಕರ್ ದಿಬ್ಬದ ಮೇಲೆ, ಬಾಯಲ್ಲಿ ಮರದ ಕ್ಲಿಪ್ಪು ಕಚ್ಚಿಕೊಂಡು, ತಮ್ಮ ಉಣ್ಣೆಯ ಉದ್ದ ಚಡ್ಡಿಯೊಡನೆ ಗುದ್ದಾಡುತ್ತಿದ್ದರು.

"ಸೊಂಟ ಮೇಲಕ್ಕೆ ಬರ್ಲಿ ಸಾಹೇಬ್ರೇ," ಎಂದಳು ಟೀನಿ, ಪಕ್ಕದ ಹಗ್ಗದಿಂದ. "ಕಾಲು ಕಟ್ಟಿಹಾಕಿದ್ರೆ ಅದೇನು ಹೇಳತ್ತೆ, ಪಾಪ."

ಹತ್ತು ಗಂಟೆಗೆ ಅವರು ಏಳನೇ ಕುಳಿಗೆ ಬಂದಾಗ ಚಡ್ಡಿ ಎರಡೂ ಕಾಲೆತ್ತಿ ಒದೆಯುತ್ತಿತ್ತು. ಡಾಡ್ ನಾಲ್ಕನೇ ನಂಬರ್ ತೆಗೆದುಕೊಟ್ಟ. ಚೆಂಡು ತೊರೆ ದಾಟಿ ಬಾವುಟದ ಬಳಿ ಹುಲ್ಲಿನ ಮೇಲೆ ನಿಂತಿತು. ಯಾರೂ ಅವನನ್ನು ಪಂಡಿತ ಎನ್ನಲಿಲ್ಲ. ಅವನ ಕಾಲಲ್ಲಿ ಮಾತ್ರ, ಮತ್ತೆ ಕಟ್ಟಿದ ಹಗ್ಗದಲ್ಲಿ ಬೆಚ್ಚಗೆ ಒಣಗಿದ ಕಾಲುಚೀಲವಿತ್ತು.