ಬಳೆಗಾರ್ತಿಯ ಕಿವಿ

ಮಧುಗಿರಿಯ ಲೈಟಿನ ಅಂಗಡಿಯೊಂದರಲ್ಲಿ ನಾನು ಕೆಲಸಕ್ಕಿದ್ದಾಗ, ಕೊಡಿಗೇನಹಳ್ಳಿಯ ಟೀಚರಮ್ಮ ಒಬ್ಬರು ಮನೆಗೆಂದು ಗಾಜಿನ ಟೇಬಲ್ ಲ್ಯಾಂಪ್ ತರಿಸಿದ್ದರು. ಬಾಯಲ್ಲಿ ಊದಿ ಮಾಡಿದ ನೀಲಿ ಗಾಜು, ಅಂಥದ್ದು ಇನ್ನೊಂದು ಸಿಗುವುದಿಲ್ಲ. ಅದನ್ನು ತಲುಪಿಸಲು ಬಸ್ಸು ಹತ್ತಿದೆ. ದಾರಿಯಲ್ಲಿ ಡ್ರೈವರ್ ಬ್ರೇಕ್ ಹಾಕಿದ ರಭಸಕ್ಕೆ ಡಬ್ಬ ತೊಡೆಯಿಂದ ಜಾರಿ ಬಿತ್ತು. ಎತ್ತಿ ಅಲ್ಲಾಡಿಸಿದರೆ ಒಳಗೆ ಟಿಕ್ ಟಿಕ್ ಸದ್ದು. ಗಿರಾಕಿಯ ಎದುರಿಗಲ್ಲದೆ ಸೀಲು ಒಡೆಯುವಂತಿರಲಿಲ್ಲ.

ಪಕ್ಕದ ಸೀಟಿನಲ್ಲಿ ಬಳೆ ಪೋಣಿಸಿದ ಮಲಾರ ಇಟ್ಟುಕೊಂಡು ಕೂತಿದ್ದ ಅಜ್ಜಿ, "ಇತ್ತ ಕೊಡಪ್ಪ" ಅಂದರು. ಡಬ್ಬಕ್ಕೆ ಕಿವಿಯಿಟ್ಟು, ಕೂಸನ್ನು ತೂಗುವ ಹಾಗೆ ಮೆಲ್ಲಗೆ ಆಡಿಸಿದರು. ಬೆರಳ ಗೆಣ್ಣಿನಿಂದ ನಾಲ್ಕೂ ಕಡೆ ತಟ್ಟಿದರು.

"ಗಾಜು ಒಡುದಿಲ್ಲ ಬುಡು. ಇದು ಕಬ್ಬಿಣದ ಸದ್ದು. ಯಾವ್ದೋ ಸ್ಕ್ರೂ ಬಿಚ್ಕಂಡೈತೆ."

"ಹೆಂಗೆ ಹೇಳ್ತೀಯಜ್ಜಿ?"

"ಐವತ್ತು ವರ್ಸ ಬಳೆ ಹೊತ್ತಿವ್ನಿ ಕಣಪ್ಪ. ಮಲಾರದಾಗೆ ಒಂದೇ ಒಂದು ಬಳೆ ಬಿರುಕು ಬಿಟ್ರೂ ಸದ್ದಲ್ಲೇ ಗೊತ್ತಾಗ್ತದೆ."

ನನಗೆ ಪೂರ್ತಿ ನಂಬಿಕೆ ಬರಲಿಲ್ಲ. ಆದರೂ ಟೀಚರಮ್ಮನ ಮನೆಯಲ್ಲಿ ಡಬ್ಬ ಇಳಿಸಿ, "ದಾರಿಯಲ್ಲಿ ಬಿತ್ತು ಮೇಡಂ. ಗಾಜಿಗೇನೂ ಆಗಿಲ್ಲ, ಒಂದು ಸ್ಕ್ರೂ ಬಿಚ್ಚಿದೆ ಅಷ್ಟೆ" ಅಂದೆ. ತೆಗೆದು ನೋಡಿದರೆ ಅಜ್ಜಿ ಹೇಳಿದ ಹಾಗೆಯೇ ಇತ್ತು. ಸ್ಕ್ರೂ ಬಿಗಿದು ಸ್ವಿಚ್ ಒತ್ತಿದಾಗ ಗೋಡೆಯೆಲ್ಲ ನೀಲಿಯಾಯಿತು. ಟೀಚರಮ್ಮ ದೀಪವನ್ನೇ ನೋಡುತ್ತ ನಿಂತರು. ನಾನು ಮಾತ್ರ ಆ ಅಜ್ಜಿಯ ಕಿವಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದೆ.

"ಬಿಚ್ಚೋಕೆ ಮುಂಚೆನೇ ನಿಮಗೆ ಹೇಗೆ ಗೊತ್ತಾಯ್ತು?" ಅಂತ ಅವರು ಕೇಳಿದರು.

"ಅನುಭವ, ಮೇಡಂ" ಅಂದೆ. ಯಾರದು ಅಂತ ಅವರು ಕೇಳಲಿಲ್ಲ.